ಲ್ಯಾಬ್ರಡಾರ್ ಭುಜದ ನೋವು: ಈಗಲೇ ಚೆಂಡಾಟ ಬೇಡ

ನಿಮ್ಮ ಲ್ಯಾಬ್ರಡಾರ್ ನಾಯಿಗೆ ಭುಜದ ಸ್ನಾಯು ಎಳೆದಿದೆ ಅಂತ ಡಾಕ್ಟರ್ ಹೇಳಿದ್ದಾರೆ, ಮೂರು ವಾರ ರೆಸ್ಟ್ ಆಗಿದೆ, ಕುಂಟೋದು ಕಡಿಮೆಯಾಗಿದೆ, ಚೆಂಡು ಎಸೆದು ಆಡಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ.

ಮುಂಗಾಲನ್ನು ಮೈಗೆ ಕಟ್ಟಿಡೋಕೆ ನಾಯಿಗೆ ನಮ್ಮ ಹಾಗೆ ಕೊರಳೆಲುಬಿನ ಆಸರೆ ಇಲ್ಲ, ಆ ಕೆಲಸ ಸ್ನಾಯುಗಳದ್ದೇ. ಮೈಭಾರದಲ್ಲಿ ಸುಮಾರು ಶೇಕಡಾ 60 ಬೀಳೋದೂ ಮುಂಗಾಲುಗಳ ಮೇಲೇ. ಚೆಂಡಿನ ಹಿಂದೆ ಓಡಿ ಗಕ್ಕನೆ ನಿಂತಾಗ ಪೆಟ್ಟು ನೇರ ಭುಜಕ್ಕೆ. ಸ್ನಾಯುವನ್ನು ಎಲುಬಿಗೆ ಜೋಡಿಸೋ ಸ್ನಾಯುರಜ್ಜುಗೂ ಪೆಟ್ಟಾಗಿದ್ದರೆ ಅದು ವಾಸಿಯಾಗೋಕೆ ತಿಂಗಳುಗಳೇ ಹಿಡಿಯಬಹುದು.

ಡಾಕ್ಟರ್ ಒಪ್ಪಿದರೆ ಬೆಲ್ಟ್ ಹಾಕಿ ನಿಧಾನವಾಗಿ ನಡೆಸಿ. ಐದು ನಿಮಿಷ ಸಾಕು. ನಿಧಾನ ಅನ್ನೋದೇ ಇಲ್ಲಿ ಮುಖ್ಯ. ಜೋರಾಗಿ ಹೋದರೆ ನಾಯಿ ನೋವಿನ ಕಾಲನ್ನು ಎತ್ತಿಕೊಂಡೇ ಓಡುತ್ತದೆ, ಆ ಕಾಲಿಗೆ ಕೆಲಸವೇ ಸಿಗಲ್ಲ. ನಡೆಯುವಾಗ ತಲೆ ನೋಡ್ತಾ ಇರಿ. ನೋವಿನ ಕಾಲು ನೆಲಕ್ಕೆ ತಾಗಿದಾಗ ತಲೆ ಮೇಲೆ ಹಾರುತ್ತದೆ, ಒಳ್ಳೇ ಕಾಲಿಟ್ಟಾಗ ತಗ್ಗುತ್ತದೆ. ಅದು ಜಾಸ್ತಿಯಾದರೆ ಅವತ್ತಿಗೆ ನಿಲ್ಲಿಸಿ.

ಮಲಗಿಸಿ ಕಾಲನ್ನು ಹಿಂದೆಮುಂದೆ ಆಡಿಸೋದನ್ನು ಫಿಸಿಯೋ ಹತ್ತಿರ ನೋಡಿ ಕಲಿಯಿರಿ. ಮೊಣಕೈ ಕೆಳಗೆ ಒಂದು ಕೈ ಆಸರೆ ಇರಲಿ. ನಾಯಿ ತುಟಿ ನೆಕ್ಕಿದರೆ, ತಿರುಗಿ ನಿಮ್ಮ ಕೈ ನೋಡಿದರೆ ನೋವಾಗ್ತಿರಬಹುದು, ಅಲ್ಲಿಗೇ ಬಿಡಿ. ನೀರೊಳಗಿನ ಟ್ರೆಡ್‌ಮಿಲ್ ಸಿಕ್ಕರೆ ಒಳ್ಳೇದು, ಭಾರ ಕಡಿಮೆ ಬೀಳುತ್ತದೆ. ಸುಮ್ನೆ ಈಜೋಕೆ ಬಿಡೋದು ಬೇರೆ ಮಾತು. ಮುಂಗಾಲು ಬೀಸೋ ರಭಸಕ್ಕೆ ಭುಜ ಮತ್ತೆ ಎಳೆಯಬಹುದು.

ಸೋಫಾ, ಮೆಟ್ಟಿಲು ಬಂದ್. ಜಾರೋ ನೆಲಕ್ಕೆ ಚಾಪೆ ಹಾಸಿ. ಭುಜದ ಮೇಲೆ ಅಡ್ಡಪಟ್ಟಿ ಬರುವ ಹಾರ್ನೆಸ್ ತೆಗೆದುಬಿಡಿ.

ಇನ್ನೊಂದು, ನಮ್ಮ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ನೀವಾಗೇ ಕೊಡಬೇಡಿ, ನಾಯಿಗೆ ಅದು ವಿಷವಾಗಬಹುದು. ಕಾಲನ್ನು ನೆಲಕ್ಕೆ ಊರೋದೇ ಇಲ್ಲ ಅಂದರೆ ವ್ಯಾಯಾಮ ಬಿಟ್ಟು ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ.