ಥ್ಯಾಂಕ್ಸ್‌ಗಿವಿಂಗ್ ಟೇಬಲ್‌ಗೆ ಹೊಸದು ತನ್ನಿ, ಸ್ಟಫಿಂಗ್ ಮಾತ್ರ ತೆಗೆಯಬೇಡಿ

ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ಬಗ್ಗೆ ನೀವು ಗುಂಪಿನಲ್ಲಿ ಹಾಕಿದ ಪೋಸ್ಟ್ ಓದಿ ಸುಮ್ನೆ ಮುಂದೆ ಹೋಗಲು ಆಗಲಿಲ್ಲ. "ಅತ್ತೆ ಮನೆಯಲ್ಲಿ ಪ್ರತಿ ವರ್ಷ ಅದೇ ಸಪ್ಪೆ ಊಟ. ಈ ಸಲ ಅಡುಗೆ ನನ್ನ ಕೈಗೆ ಬಂದಿದೆ. ಸ್ಟಫಿಂಗ್ ಬದಲು ಬಿಸಿಬೇಳೆಬಾತ್, ಟರ್ಕಿಗೆ ತಂದೂರಿ ಮಸಾಲೆ, ಪಂಪ್ಕಿನ್ ಪೈ ಬದಲು ಜಾಮೂನು. ಹೇಗಿದೆ ಪ್ಲ್ಯಾನ್?" ಅಂತ ಕೇಳಿದ್ದೀರಿ. ಕೆಳಗೆ ಎಲ್ಲರೂ ಸೂಪರ್ ಅಂದಿದ್ದಾರೆ. ನಾನು ಅನ್ನಲಾರೆ. ಹೆಚ್ಚುಕಮ್ಮಿ ಇದೇ ಪ್ಲ್ಯಾನ್ ನಾನು 2012ರಲ್ಲಿ ಮಾಡಿದ್ದೆ. ಹೊಸ ಅಡುಗೆ ಬೇಡ ಅನ್ನುತ್ತಿಲ್ಲ. ನಿಮ್ಮ ಪಟ್ಟಿಯಲ್ಲಿರುವ "ಬದಲು" ಅನ್ನುವ ಪದ ಬೇಡ.

ನನ್ನ ಗಂಡನ ಮನೆಯವರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದವರು, ಹಿಂದೆ ಡೈರಿ ಇಟ್ಟಿದ್ದ ಕುಟುಂಬ. ಆ ವರ್ಷ ಅತ್ತೆಗೆ ಮಂಡಿ ಆಪರೇಷನ್ ಆಗಿತ್ತು. ಅಡುಗೆ ನಾನು ನೋಡಿಕೊಳ್ಳುತ್ತೇನೆ ಅಂದೆ. ಊಟಕ್ಕೆ ಹದಿನೇಳು ಜನ. ಅವರ ಮನೆಯ ಸ್ಟಫಿಂಗ್ ಅಂದರೆ ಒಣಗಿಸಿದ ಬ್ರೆಡ್ಡು, ಈರುಳ್ಳಿ, ಸೆಲೆರಿ, ಬೆಣ್ಣೆ, ಸೇಜ್ ಸೊಪ್ಪು, ಬ್ರಾತ್ (ಮಾಂಸ ಅಥವಾ ತರಕಾರಿ ಬೇಯಿಸಿದ ತಿಳಿ ರಸ). ಅಷ್ಟೇ. ನನ್ನ ಕಣ್ಣಿಗೆ ಅದು ಒಗ್ಗರಣೆ ಇಲ್ಲದ ಬ್ರೆಡ್ ಉಪ್ಪಿಟ್ಟಿನ ಹಾಗೆ ಕಂಡಿತ್ತು. ಹಾಗಾದರೆ ಒಗ್ಗರಣೆ ಹಾಕಿಬಿಡೋಣ ಅಂತ ಸಾಸಿವೆ, ಕಡಲೆಬೇಳೆ, ಇಂಗು, ಶುಂಠಿ, ಹಸಿಮೆಣಸು ಹಾಕಿದೆ. ಕೊನೆಗೆ ನಿಂಬೆಹಣ್ಣು ಹಿಂಡಿದೆ. ಸೇಜ್ ಮುಟ್ಟಲೇ ಇಲ್ಲ. ರುಚಿ ಚೆನ್ನಾಗಿಯೇ ಇತ್ತು, ನಾದಿನಿಯ ಮಕ್ಕಳು ಕೂಡ ತಿಂದರು.

ಮಾವ ತಟ್ಟೆ ಹಿಡಿದು ಬಂದರು. ಮಾತು ಕಮ್ಮಿ ಅವರದು. ಕೌಂಟರ್ ಮೇಲೆ ಸಾಲಾಗಿ ಇಟ್ಟಿದ್ದ ಪಾತ್ರೆಗಳ ಫಾಯಿಲ್ ಒಂದೊಂದಾಗಿ ಎತ್ತಿ ನೋಡುತ್ತಾ ಹೋದರು. ಕೊನೆಯ ಪಾತ್ರೆಯ ಫಾಯಿಲ್ ಮುಚ್ಚಿ, ಮತ್ತೆ ಮೊದಲನೆಯದಕ್ಕೆ ಬಂದರು. ಆಮೇಲೆ "ಸ್ಟಫಿಂಗ್ ಇನ್ನೂ ಓವನ್‌ನಲ್ಲಿದೆಯಾ?" ಅಂತ ಕೇಳಿದರು. ಈ ಸಲ ಇದನ್ನು ಮಾಡಿದ್ದೇನೆ ಅಂತ ನನ್ನ ಪಾತ್ರೆ ತೋರಿಸಿದೆ. ಒಂದು ಚಮಚ ಹಾಕಿಕೊಂಡರು, ಚೆನ್ನಾಗಿದೆ ಅಂದರು, ಬೇಗ ಎದ್ದರು.

ರಾತ್ರಿ ಪಾತ್ರೆ ತೊಳೆಯುವಾಗ ಗಂಡ ಅಡುಗೆಮನೆಯ ಡ್ರಾಯರ್‌ನಿಂದ ಒಂದು ತಗಡಿನ ಡಬ್ಬಿ ತೆಗೆದು ತೋರಿಸಿದರು. ಒಳಗೆ ಅಡುಗೆ ಮಾಡುವ ವಿಧಾನ ಬರೆದಿಟ್ಟ ಕಾರ್ಡುಗಳು. ಸ್ಟಫಿಂಗ್ ಕಾರ್ಡಿನ ಮೂಲೆಯಲ್ಲಿ ಬೆಣ್ಣೆಯ ಕಲೆ, ಪೆನ್ಸಿಲ್ ಅಕ್ಷರ, ಸೇಜ್ ಅನ್ನುವ ಪದದ ಕೆಳಗೆ ಎರಡು ಗೆರೆ. ಬರೆದವರು ಮಾವನ ಅಮ್ಮ. ಅವರು ತೀರಿಕೊಂಡು ಆಗಲೇ ಬಹಳ ವರ್ಷ ಆಗಿತ್ತು. ಮಾವನಿಗೆ ತಮ್ಮ ಅಮ್ಮನ ಕೈರುಚಿ ಸಿಗುತ್ತಿದ್ದದ್ದು ವರ್ಷಕ್ಕೆ ಆ ಒಂದು ದಿನ. ನಾನು ಯಾರನ್ನೂ ಒಂದು ಮಾತು ಕೇಳದೆ ಅದನ್ನು ತೆಗೆದುಬಿಟ್ಟಿದ್ದೆ. ಮುಂದಿನ ವರ್ಷ ಆ ಕಾರ್ಡ್ ಮುಂದಿಟ್ಟುಕೊಂಡು ಅತ್ತೆಯ ಹತ್ತಿರ ಕಲಿತೆ. ಈಗ ನಮ್ಮ ಮನೆಯಲ್ಲಿ ಸ್ಟಫಿಂಗ್ ಮಾಡುವವಳು ನಾನೇ. ಒಂದು ಚಿಟಿಕೆ ಮೆಣಸಿನಪುಡಿಯನ್ನೂ ಹಾಕುವುದಿಲ್ಲ.

ಯುಗಾದಿ ದಿನ ನಿಮ್ಮ ತವರಿನಲ್ಲಿ ಯಾರೋ ಬಂದು, ಹೋಳಿಗೆ ಬದಲು ಈ ಸಲ ಪೈ ಮಾಡಿದ್ದೇನೆ ಅಂದರೆ ನಿಮ್ಮ ಅಪ್ಪನಿಗೆ ಹೇಗಾಗುತ್ತದೆ? ಪೈ ಎಷ್ಟೇ ಚೆನ್ನಾಗಿರಲಿ, ಹೋಳಿಗೆ ಎಲ್ಲಿ ಅಂತ ಕೇಳುತ್ತಾರೆ ಅಲ್ವಾ? ದಯವಿಟ್ಟು ಅವರ ಊಟವನ್ನು ಸಪ್ಪೆ ಅನ್ನುವುದನ್ನೂ ಬಿಡಿ. ಸೇಜ್ ಹಾಕಿ ಬೆಣ್ಣೆಯಲ್ಲಿ ಬೆಂದ ಈರುಳ್ಳಿ ಸಪ್ಪೆ ಅಲ್ಲ. ನಮ್ಮ ನಾಲಿಗೆಗೆ ಅದು ಇನ್ನೂ ಪರಿಚಯವಾಗಿಲ್ಲ ಅಷ್ಟೇ.

ಅಲ್ಲಿಂದ ನಾನು ಹಿಡಿದಿರುವ ಲೆಕ್ಕ ಇದು. ಬಾಳೆಎಲೆ ನೆನಪಿಸಿಕೊಳ್ಳಿ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಗೊಜ್ಜು, ಪಲ್ಯ ಎಲ್ಲ ಮೇಲಂಚಿಗೆ. ನಡುವೆ ಅನ್ನ. ಹೊಸ ಅಡುಗೆ ಯಾವಾಗಲೂ ಮೇಲಂಚಿನಲ್ಲಿ ಬರಬೇಕು, ಅನ್ನದ ಜಾಗದಲ್ಲಿ ಅಲ್ಲ. ಟರ್ಕಿ, ಸ್ಟಫಿಂಗ್, ಮ್ಯಾಶ್ (ಬೇಯಿಸಿ ಹಿಸುಕಿದ ಆಲೂಗಡ್ಡೆ), ಗ್ರೇವಿ, ಪೈ ಇವು ಅವರ ಅನ್ನ. ಕೈ ಹಾಕಬೇಡಿ. ಮೇಲಂಚಿನಲ್ಲಿ ಬೇಕಾದಷ್ಟು ಜಾಗ ಇದೆ.

ಆ ಜಾಗಕ್ಕೆ ನನ್ನ ಆಯ್ಕೆ ಕ್ರ್ಯಾನ್‌ಬೆರಿ ಗೊಜ್ಜು. ಹದಿಮೂರು ವರ್ಷದ ಹತ್ತಿರ ಮಾಡುತ್ತಿದ್ದೇನೆ. ಅಮೆರಿಕದ ಕ್ರ್ಯಾನ್‌ಬೆರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ವಿಸ್ಕಾನ್ಸಿನ್‌ನಲ್ಲೇ ಬೆಳೆಯುವುದು. ಮೊದಲ ಸಲ ಹಸಿ ಹಣ್ಣು ಕಚ್ಚಿದಾಗ ನಮ್ಮ ಸಾಗರದ ಕಡೆಯ ಕವಳೆಕಾಯಿ ನೆನಪಾಯಿತು. ಅದೇ ಹುಳಿ, ಅದೇ ಒಗರು. ಹುಣಸೆಹಣ್ಣು ಬೇಕೇ ಇಲ್ಲ.

12 ಔನ್ಸ್ ಚೀಲ ಒಂದು, ಅಂದರೆ 340 ಗ್ರಾಂ. ಬ್ಯಾಡಗಿ ನಾಲ್ಕು, ಬಿಳಿ ಎಳ್ಳು ಎರಡು ಚಮಚ, ಮೆಂತ್ಯ ಕಾಲು ಚಮಚ ಹುರಿದು ಪುಡಿ ಮಾಡಿಕೊಳ್ಳಿ. ಮೆಂತ್ಯ ಜಾಸ್ತಿ ಆದರೆ ಕೆಟ್ಟಿತು. ಹಣ್ಣಿನಲ್ಲೇ ಕಹಿ ಇದೆ, ಎರಡೂ ಸೇರಿದರೆ ಯಾರೂ ಮುಟ್ಟುವುದಿಲ್ಲ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ. ಹಣ್ಣು, ಅರಿಸಿನ, ಉಪ್ಪು, ಅರ್ಧ ಕಪ್ ನೀರು. ನಡು ಉರಿ. ಐದಾರು ನಿಮಿಷಕ್ಕೆ ಚಟ್ ಚಟ್ ಅಂತ ಸಿಪ್ಪೆ ಬಿರಿಯಲು ಶುರುವಾಗುತ್ತದೆ, ಮುಖ ಹಿಂದಿಟ್ಟುಕೊಳ್ಳಿ, ಸಿಡಿಯುತ್ತದೆ. ಅರ್ಧದಷ್ಟು ಹಣ್ಣು ಒಡೆದ ಮೇಲೆ ಒಂದು ಕಪ್ ಬೆಲ್ಲ, ಆಮೇಲೆ ಪುಡಿ. ಉಳಿದರ್ಧ ಇಡಿಯಾಗಿರಲಿ, ಸೌಟಿನಲ್ಲಿ ಜಜ್ಜಬೇಡಿ. ಇನ್ನೂ ಸಾಂಬಾರಿನಷ್ಟು ತೆಳ್ಳಗಿರುವಾಗಲೇ ಒಲೆ ಆರಿಸಿ. ನಾನು ಮೊದಲ ವರ್ಷ ಗಟ್ಟಿಯಾಗುವ ತನಕ ಕುದಿಸಿದೆ, ಬೆಳಿಗ್ಗೆ ನೋಡಿದರೆ ಚಾಕುವಿನಲ್ಲಿ ಕೊಯ್ಯುವ ಹಾಗಾಗಿತ್ತು. ಈ ಹಣ್ಣಿನಲ್ಲಿ ಪೆಕ್ಟಿನ್ ಜಾಸ್ತಿ, ತಣ್ಣಗಾದಾಗ ತಾನೇ ಕಟ್ಟಿಕೊಳ್ಳುತ್ತದೆ.

ಹಬ್ಬ ಯಾವಾಗಲೂ ನವೆಂಬರಿನ ನಾಲ್ಕನೇ ಗುರುವಾರ. ಸೋಮವಾರವೇ ಗೊಜ್ಜು ಮಾಡಿ ಗಾಜಿನ ಬಾಟಲಿಗೆ ಹಾಕಿಡಿ. ಗುರುವಾರಕ್ಕೆ ಖಾರ, ಹುಳಿ, ಸಿಹಿ ಎಲ್ಲ ಹೊಂದಿಕೊಂಡಿರುತ್ತದೆ. ಬೆಲ್ಲ ಅಂಗಡಿಯದಾದರೆ ಸ್ವಲ್ಪ ನೀರಲ್ಲಿ ಕರಗಿಸಿ ಸೋಸಲೇಬೇಕು. ಹಲ್ಲಿಗೆ ಕಲ್ಲು ಸಿಕ್ಕಿದರೆ ಗೊಜ್ಜಿನ ಕಥೆ ಅಲ್ಲಿಗೇ ಮುಗಿಯುತ್ತದೆ.

ಆದರೆ ಅವರ ಡಬ್ಬಿಯ ಕ್ರ್ಯಾನ್‌ಬೆರಿ ಜೆಲ್ಲಿಯೂ ಇರಲಿ. ಓಷನ್ ಸ್ಪ್ರೇ ಡಬ್ಬಿಯಿಂದ ಇಡಿಯಾಗಿ ಜಾರಿಸಿ, ಡಬ್ಬಿಯ ಉಂಗುರದ ಗೆರೆ ಹಾಗೇ ಕಾಣುವಂತೆ ಬಿಲ್ಲೆ ಬಿಲ್ಲೆ ಕೊಯ್ದು ಇಡುತ್ತಾರಲ್ಲ, ಅದು. ಎಷ್ಟೋ ಮನೆಗಳಲ್ಲಿ ಅದಿಲ್ಲದೆ ಹಬ್ಬವೇ ಅಲ್ಲ. ಜೆಲ್ಲಿ ಪಕ್ಕದಲ್ಲಿ ಗೊಜ್ಜು. ಇಷ್ಟ ಬಂದವರು ಹಾಕಿಕೊಳ್ಳುತ್ತಾರೆ.

ಎಳ್ಳಿನ ವಿಷಯ ಮರೆಯಬೇಡಿ. ಅಮೆರಿಕದಲ್ಲಿ 2023ರಿಂದ ಎಳ್ಳನ್ನೂ ಲೇಬಲ್ ಮೇಲೆ ಹಾಕಲೇಬೇಕಾದ ಅಲರ್ಜಿ ಪದಾರ್ಥಗಳ ಪಟ್ಟಿಗೆ ಸೇರಿಸಿದ್ದಾರೆ. ಯಾರಿಗಾದರೂ ಇದೆಯಾ ಅಂತ ಮೊದಲೇ ಕೇಳಿ. ಇದ್ದರೆ ಬಿಟ್ಟು ಮಾಡಿ, ಕೊತ್ತಂಬರಿ ಬೀಜ ಒಂದು ಚಮಚ ಹುರಿದು ಹಾಕಿ. ಗೋಡಂಬಿಗೂ ಇದೇ ಮಾತು. ಗೋಧಿ ತಿನ್ನಬಾರದವರಿದ್ದರೆ ಇಂಗಿನ ಡಬ್ಬಿ ಓದಿ, ಹೆಚ್ಚಿನ ಪುಡಿ ಇಂಗಿನಲ್ಲಿ ಗೋಧಿ ಹಿಟ್ಟು ಸೇರಿರುತ್ತದೆ. ಒಗ್ಗರಣೆಯನ್ನು ನಿಮ್ಮ ಮನೆಯಲ್ಲೇ ಮುಗಿಸಿ. ನವೆಂಬರಿನಲ್ಲಿ ಕಿಟಕಿ ಎಲ್ಲ ಮುಚ್ಚಿರುತ್ತವೆ. ಅತ್ತೆ ಮನೆಯಲ್ಲಿ ಒಣಮೆಣಸು ಸೀದರೆ ಸ್ಮೋಕ್ ಅಲಾರ್ಮ್ ಕೂಗುತ್ತದೆ, ಮಕ್ಕಳೆಲ್ಲ ಕೆಮ್ಮುತ್ತಾರೆ.

ತಂದೂರಿ ಟರ್ಕಿ ಇಡೀ ಹಕ್ಕಿಗೆ ಖಂಡಿತ ಬೇಡ. ಟ್ರೇಗೆ ಇಳಿಯುವ ರಸದಿಂದಲೇ ಗ್ರೇವಿ ಮಾಡುವುದು. ಹಕ್ಕಿಗೆ ಮಸಾಲೆ ಹಚ್ಚಿದರೆ ಗ್ರೇವಿಯೂ ಮಸಾಲೆ, ಗ್ರೇವಿ ಸುರಿದ ಮ್ಯಾಶ್ ಕೂಡ ಮಸಾಲೆ. ಒಂದೇ ಏಟಿಗೆ ಮೂರು ಅಡುಗೆ ಬದಲಾಗುತ್ತವೆ. ಆಸೆ ಇದ್ದರೆ ಎರಡು ಕಾಲು ಬೇರೆ ತಂದು ಹಿಂದಿನ ದಿನವೇ ಬೇಯಿಸಿಕೊಳ್ಳಿ. ಅಂದಹಾಗೆ ಹಕ್ಕಿ ನಿಮ್ಮ ಜವಾಬ್ದಾರಿ ಆಗಿದ್ದರೆ ಭಾನುವಾರ ರಾತ್ರಿಯೇ ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿ. ನಾಲ್ಕೈದು ಪೌಂಡಿಗೆ ಒಂದು ದಿನ ಬೇಕು, 15 ಪೌಂಡಿನದಕ್ಕೆ ಮೂರು ದಿನಕ್ಕಿಂತ ಜಾಸ್ತಿ. ಸಿಂಕ್‌ನಲ್ಲಿ ತೊಳೆಯಬೇಡಿ. ಬಣ್ಣ ನೋಡಿ ಬೆಂದಿದೆ ಅನ್ನಬೇಡಿ, ಥರ್ಮಾಮೀಟರ್ 165 ಡಿಗ್ರಿ ಫ್ಯಾರನ್‌ಹೀಟ್ ತೋರಿಸಬೇಕು. ಗಾಬರಿ ಆದರೆ ಟರ್ಕಿ ಮಾರುವ ಬಟರ್‌ಬಾಲ್ ಕಂಪನಿಯವರ ಸಹಾಯವಾಣಿ ಇದೆ. 1981ರಿಂದ ಇದೇ ಕೆಲಸ ಮಾಡುತ್ತಿದ್ದಾರೆ.

15 ಪೌಂಡಿನ ಹಕ್ಕಿ 325 ಡಿಗ್ರಿಯಲ್ಲಿ ನಾಲ್ಕು ಗಂಟೆ ಹತ್ತಿರ ಓವನ್ ಹಿಡಿದಿರುತ್ತದೆ. ಆದ್ದರಿಂದ ಓವನ್ ಬೇಕಾಗುವ ಯಾವ ಹೊಸ ಅಡುಗೆಯೂ ಬೇಡ. ಕೊನೆಯ ಅರ್ಧ ಗಂಟೆ ಒಲೆಯೂ ಸಿಗಲ್ಲ, ಆಗ ಗ್ರೇವಿ, ಮ್ಯಾಶ್ ನಡೆಯುತ್ತಿರುತ್ತದೆ. ಬಿಸಿಬೇಳೆಬಾತ್ ನನಗೆ ಪ್ರಾಣ, ಆದರೆ ಈ ಟೇಬಲ್‌ಗೆ ಅದು ಹೊಂದಲ್ಲ. ಇಟ್ಟಷ್ಟೂ ಗಟ್ಟಿಯಾಗುತ್ತದೆ, ಆಗಲೇ ಬ್ರೆಡ್ಡು, ಆಲೂಗಡ್ಡೆ, ಸಿಹಿಗೆಣಸು ಇರುವ ತಟ್ಟೆಗೆ ಅನ್ನ ಭಾರ. ಮಾಡಲೇಬೇಕು ಅಂದರೆ ತೆಳ್ಳಗೆ ಮಾಡಿ ಸ್ಲೋ ಕುಕ್ಕರ್‌ನಲ್ಲಿ ಬಿಸಿಯಾಗಿಡಿ. ಬೇಯಿಸಿದ ಯಾವುದನ್ನೂ ಎರಡು ಗಂಟೆಗಿಂತ ಹೊರಗೆ ಬಿಡಬೇಡಿ.

ಅದರ ಬದಲು (ಇಲ್ಲಿ ಬದಲು ಆಗುತ್ತದೆ, ನಿಮ್ಮದೇ ಅಡುಗೆ ತಾನೇ) ಹೆಸರುಬೇಳೆ ಕೋಸಂಬರಿ ಮಾಡಿ. ಆ ಟೇಬಲ್ ಮೇಲೆ ಎಲ್ಲವೂ ಮೆತ್ತಗೆ, ಬಿಸಿ, ಬೆಣ್ಣೆ. ತಣ್ಣಗೆ ಕರುಂ ಅನ್ನುವುದು ಒಂದಿದ್ದರೆ ಜನ ಹುಡುಕಿಕೊಂಡು ಬರುತ್ತಾರೆ. ಉಪ್ಪು ಮಾತ್ರ ಬಡಿಸುವಾಗ ಹಾಕಿ, ಸೌತೆಕಾಯಿ ನೀರು ಬಿಡುತ್ತದೆ. ಬೀನ್ಸ್ ಪಲ್ಯವೂ ನಡೆಯುತ್ತದೆ, ಗ್ರೀನ್ ಬೀನ್ ಕ್ಯಾಸರೋಲ್ ಪಕ್ಕದಲ್ಲಿ. ಆ ಕ್ಯಾಸರೋಲ್ ಕೂಡ ಒಂದು ಕಾಲಕ್ಕೆ ಹೊಸದೇ. 1955ರಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಅನ್ನುವವರು ಡಬ್ಬಿ ಸೂಪಿನಿಂದ ಮಾಡಿದ್ದು. ಯಾವುದನ್ನೂ ಓಡಿಸದೆ ಪಕ್ಕದಲ್ಲಿ ಕೂತು ಜಾಗ ಮಾಡಿಕೊಂಡಿತು. ಪಲ್ಯಕ್ಕೆ ಫ್ರೋಜನ್ ಫ್ರೆಂಚ್ ಕಟ್ ಬೀನ್ಸ್ ಸಾಕು. ತೆಂಗಿನತುರಿ ಇಂಡಿಯನ್ ಅಂಗಡಿಯ ಫ್ರೋಜನ್, ನನಗೆ ಡೀಪ್ ಬ್ರ್ಯಾಂಡಿನದು ಸರಿ ಬಂದಿದೆ. ಕೇಕ್ ಸಾಮಾನಿನ ಸಾಲಿನಲ್ಲಿ ಸಿಗುವ ಒಣ ತುರಿ ತರಬೇಡಿ ಮಾರಾಯ್ರೆ, ಅದಕ್ಕೆ ಸಕ್ಕರೆ ಹಾಕಿರುತ್ತಾರೆ. ಪ್ರತಿ ವರ್ಷ ಈ ಗುಂಪಿನಲ್ಲಿ ಯಾರಾದರೂ ಅದರಲ್ಲೇ ಪಲ್ಯ ಮಾಡಿ ಬಂದು ಕೇಳುತ್ತೀರಿ.

ಜಾಮೂನು ತನ್ನಿ, ಪೈ ಇರಲಿ. ಪೈಗೆ ಹಚ್ಚುವ ಕ್ರೀಮ್ ಎರಡು ಬಟ್ಟಲು ಮಾಡಿ, ಒಂದಕ್ಕೆ ಏಲಕ್ಕಿ ಪುಡಿ ಹಾಕಿ. ನಮ್ಮ ಮನೆಯಲ್ಲಿ ಏಲಕ್ಕಿಯದೇ ಮೊದಲು ಖಾಲಿಯಾಗುತ್ತದೆ. ಪೈ ನೀವೇ ಮಾಡುವುದಾದರೆ ಲಿಬ್ಬೀಸ್ ಡಬ್ಬಿ ತನ್ನಿ, ಬರೀ ಕುಂಬಳಕಾಯಿ ಇರುವುದು. ಪಕ್ಕದಲ್ಲೇ ಸಿಹಿ ಬೆರೆಸಿದ ಪೈ ಮಿಕ್ಸ್ ಇರುತ್ತದೆ, ಡಬ್ಬಿ ಒಂದೇ ಥರ ಕಾಣುತ್ತದೆ.

ನಿಮ್ಮ ಮನೆಯವರಲ್ಲಿ ಸಸ್ಯಾಹಾರಿಗಳು ಬರುವವರಿದ್ದರೆ ಹೇಳಿಬಿಡುತ್ತೇನೆ. ಸಿಹಿಗೆಣಸಿನ ಮೇಲಿನ ಮಾರ್ಷ್‌ಮ್ಯಾಲೋದಲ್ಲಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು. ಸ್ಟಫಿಂಗ್ ಹಕ್ಕಿಯೊಳಗೆ ಬೇಯದಿದ್ದರೂ ಬ್ರಾತ್ ಚಿಕನ್‌ದೇ ಇರಬಹುದು. ಪೈ ಹಿಟ್ಟಿಗೆ ಕೆಲವರು ಹಂದಿ ಕೊಬ್ಬು ಹಾಕುತ್ತಾರೆ. ಇದನ್ನೆಲ್ಲ ಒಂದು ವಾರ ಮೊದಲು ಫೋನಿನಲ್ಲಿ ಕೇಳಿ. ಟೇಬಲ್ ಮುಂದೆ ನಿಂತು ಒಂದೊಂದೇ ಪಾತ್ರೆ ತೋರಿಸಿ ಇದರಲ್ಲಿ ಏನಿದೆ ಅಂತ ಕೇಳಿದರೆ ಮಾಡಿದವರಿಗೆ ನೋವಾಗುತ್ತದೆ. ತರಕಾರಿ ಬ್ರಾತ್‌ನಲ್ಲಿ ಒಂದು ಸಣ್ಣ ತಟ್ಟೆ ಸ್ಟಫಿಂಗ್ ಬೇರೆ ಮಾಡಿದರೆ ಆಯ್ತು. ರುಚಿ ಅದೇ, ಸೇಜ್ ಇದ್ದರೆ ಸಾಕು.

ಖಾರ ನಮ್ಮದರ ಅರ್ಧ. ಪ್ರತಿ ಹೊಸ ಪಾತ್ರೆಯ ಮುಂದೆ ಹೆಸರು, ಏನೇನಿದೆ ಅಂತ ಚೀಟಿ. ಹೊಸದು ಎರಡಕ್ಕಿಂತ ಜಾಸ್ತಿ ಬೇಡ, ಅದೂ ಸಣ್ಣ ಬಟ್ಟಲಿನಲ್ಲಿ. ಖಾಲಿಯಾದರೆ ಮುಂದಿನ ವರ್ಷ ಅವರೇ ಕೇಳುತ್ತಾರೆ. ಗೊಜ್ಜು ಮಿಕ್ಕರೆ ಚಿಂತೆ ಬೇಡ. ಶುಕ್ರವಾರ ಮಿಕ್ಕ ಟರ್ಕಿಯ ಸ್ಯಾಂಡ್‌ವಿಚ್‌ಗೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ. ನಮ್ಮ ಮಾವ ಬಾಟಲಿ ಮನೆಗೆ ಒಯ್ಯುತ್ತಾರೆ.

ಇವತ್ತೇ ಅತ್ತೆಗೆ ಫೋನ್ ಮಾಡಿ, ಯಾವ ಅಡುಗೆ ಯಾರ ಕೈಯದು ಅಂತ ಕೇಳಿಕೊಳ್ಳಿ. ಕಾರ್ಡ್ ಇದ್ದರೆ ಫೋಟೋ ತೆಗೆದು ಕಳಿಸಿ ಅನ್ನಿ. ಕ್ರ್ಯಾನ್‌ಬೆರಿ ಮೂರು ಚೀಲ ತಂದು ಎರಡನ್ನು ಫ್ರೀಜರ್‌ಗೆ ಹಾಕಿ, ಕ್ರಿಸ್‌ಮಸ್ ಕಳೆದ ಮೇಲೆ ತಾಜಾ ಹಣ್ಣು ಸಿಗುವುದು ಕಷ್ಟ. ಕರಗಿಸುವುದೇನೂ ಬೇಡ, ಹಾಗೇ ಒಗ್ಗರಣೆಗೆ ಸುರಿಯಬಹುದು.