ಸಮಾನ ಅವಕಾಶ ಘಟಕದ ಹೊಣೆ ಬಂದಾಗ ಎಲ್ಲಿಂದ ಶುರು ಮಾಡೋದು?

ನಮಸ್ಕಾರ ಮೇಡಂ. ಮಂಗಳೂರಿನ ನರ್ಸಿಂಗ್ ಕಾಲೇಜಿನಲ್ಲಿ ಸಮಾನ ಅವಕಾಶ ಘಟಕ (ಯಾವ ವಿದ್ಯಾರ್ಥಿಗೂ ಭೇದಭಾವ ಆಗದಂತೆ ನೋಡೋ ವಿಭಾಗ) ನೋಡಿಕೊಳ್ಳಲು ನಿಮಗೆ ಹೇಳಿದ್ದಾರೆ, ಮೊದಲು ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಉಡುಪಿಯಲ್ಲಿ ಇದೇ ಕೆಲಸದಲ್ಲಿದ್ದೇನೆ.

ಮೊದಲು ಆದೇಶವನ್ನು ಬರಹದಲ್ಲಿ ತಗೊಳ್ಳಿ. ಪಾಠದ ಗಂಟೆ ಎಷ್ಟು ಕಡಿಮೆಯಾಗುತ್ತದೆ, ದೂರು ಬಂದರೆ ಯಾರನ್ನು ಕರೆಸಬಹುದು, ಎಲ್ಲಾ ಅದರಲ್ಲಿರಲಿ. ಇಲ್ಲದಿದ್ದರೆ ಹುದ್ದೆ ಹೆಸರಿಗೆ ಮಾತ್ರ. ಅಧಿಕಾರ ಕೇಳಲು ಸಂಕೋಚ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಸಂಸ್ಥೆಗಳಿಗೆ ಸಮಾನ ಅವಕಾಶ ನೀತಿ ಇರಬೇಕು ಅನ್ನುತ್ತದೆ.

ಆಮೇಲೆ ನೇರವಾಗಿ ವೈವಾಕ್ಕೆ, ಅಂದರೆ ಮೌಖಿಕ ಪರೀಕ್ಷೆಗೆ ಬನ್ನಿ. ನನ್ನ ಪ್ರಕಾರ ಅನ್ಯಾಯ ಜಾಸ್ತಿ ಆಗೋದು ಅಲ್ಲೇ. ಕನ್ನಡ ಮಾಧ್ಯಮದಲ್ಲಿ ಓದಿದ ಕಲಬುರಗಿಯ ಹುಡುಗಿ ಡ್ರೆಸ್ಸಿಂಗ್ ಟ್ರೇ ಅಚ್ಚುಕಟ್ಟಾಗಿ ಜೋಡಿಸುತ್ತಾಳೆ, ಕೈ ಒಂಚೂರೂ ನಡುಗಲ್ಲ. ಇಂಗ್ಲಿಷ್‌ನಲ್ಲಿ ತಡವರಿಸಿದ ಕೂಡಲೇ 'ಓದಿಲ್ಲ' ಅಂತ ಮಾರ್ಕ್ಸ್ ಕಡಿಮೆ! ಇದಕ್ಕೆ 1975ರಲ್ಲಿ ಸ್ಕಾಟ್ಲೆಂಡ್‌ನ ಡಂಡಿಯಿಂದ ಬಂದ ಓಸ್ಕಿ (OSCE) ಪದ್ಧತಿ, ಅಂದರೆ ಕೆಲಸ ಮಾಡಿಸಿ ನೋಡಿ ಮಾರ್ಕ್ಸ್ ಕೊಡೋ ಪರೀಕ್ಷೆ, ಒಳ್ಳೇದು. ಎಲ್ಲರಿಗೂ ಒಂದೇ ಕೆಲಸ, ಒಂದೇ ಚೆಕ್‌ಲಿಸ್ಟ್. ಪರೀಕ್ಷಕರಿಗೆ ಹುಡುಗಿ ಯಾವ ಊರಿನವಳು ಅನ್ನೋದು ಮುಖ್ಯವಾಗಲ್ಲ. ಆಂತರಿಕ ಪರೀಕ್ಷೆಯಲ್ಲಾದರೂ ಶುರು ಮಾಡಿಸಿ.

ವಾರ್ಡಿನಲ್ಲಿ ಭಾಷೆಯದೇ ಇನ್ನೊಂದು ತೊಂದರೆ. ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಂಥ ಕಡೆ ತುಳು, ಬ್ಯಾರಿ, ಕೊಂಕಣಿ ಮಾತಾಡೋ ರೋಗಿಗಳ ಮುಂದೆ ಕೇರಳದ, ಈಶಾನ್ಯದ ವಿದ್ಯಾರ್ಥಿಗಳು ಸುಮ್ನೆ ನಿಂತುಬಿಡುತ್ತಾರೆ, ಅಲ್ವಾ? ಊರಿನ ಒಬ್ಬರನ್ನು ಜೊತೆ ಹಾಕಿ. ಹೆರಿಗೆ ವಾರ್ಡಿನಲ್ಲಿ ಗಂಡು ವಿದ್ಯಾರ್ಥಿಗಳನ್ನು ಹೊರಗೇ ನಿಲ್ಲಿಸೋದೂ ನಿಲ್ಲಬೇಕು. ತಾಯಿಯ ಒಪ್ಪಿಗೆ ಕೇಳಿ ಒಳಗೆ ಕರೆದುಕೊಳ್ಳಿ.

ಸಮಿತಿಗೆ ಸೀನಿಯರ್‌ಗಳನ್ನಷ್ಟೇ ತುಂಬಬೇಡಿ. ಜೂನಿಯರ್ ಟ್ಯೂಟರ್ ಒಬ್ಬರು, ಹಾಸ್ಟೆಲ್ ವಾರ್ಡನ್, ಇಬ್ಬರು ವಿದ್ಯಾರ್ಥಿಗಳು ಇರಲಿ. ಮೊದಲ ಮೀಟಿಂಗಿಗೆ ಕಳೆದ ವರ್ಷದ ಡ್ಯೂಟಿ ರೋಸ್ಟರ್ ತನ್ನಿ. ನೈಟ್ ಡ್ಯೂಟಿ ಯಾರಿಗೆ ಜಾಸ್ತಿ ಬಿದ್ದಿದೆ ಅಂತ ಎಲ್ಲರೂ ಕೂತು ನೋಡಿ.