ಮಗ ಸೀರಿಯಲ್ ಕ್ಯಾಮೆರಾದಲ್ಲೇ ಉಳಿದುಬಿಟ್ಟರೆ?

ಪ್ರಶ್ನೆ: ಸರ್, ನನ್ನ ಮಗ ಎರಡು ವರ್ಷದಿಂದ ಧಾರಾವಾಹಿಗಳಲ್ಲಿ ಅಸಿಸ್ಟೆಂಟ್ ಕ್ಯಾಮೆರಾಮನ್. ಟೀವಿಯಲ್ಲಿ ಬಿದ್ದವರಿಗೆ ಸಿನಿಮಾ ಸಿಗಲ್ಲ ಅಂತ ಕೊರಗುತ್ತಾನೆ. ಸಾಲ ಮಾಡಿ ಒಂದು ಕ್ಯಾಮೆರಾ ಕೊಡಿಸಲೇ?
– ಒಬ್ಬ ತಾಯಿ, ತಿಪಟೂರು

ಉತ್ತರ: ಅಮ್ಮಾ, ನಾನೂ ಹದಿನೆಂಟು ವರ್ಷ ಸೀರಿಯಲ್‌ಗಳಿಗೆ ಕ್ಯಾಮೆರಾ ಮಾಡಿದವನು. ಆ ಕೊರಗು ನನಗೂ ಇತ್ತು. ಅದನ್ನು ಕಳೆದದ್ದು ಹಿಂದಿ ಸಿನಿಮಾದ ದೊಡ್ಡ ಕ್ಯಾಮೆರಾಮನ್, ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರ ಬದುಕು.

1923ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಬೊಂಬಾಯಿಗೆ ಹೋದರು. 1951ರ 'ಬಾಜಿ' ಚಿತ್ರದಲ್ಲಿ ಅವರೂ ನಿಮ್ಮ ಮಗನ ಹಾಗೆ ಅಸಿಸ್ಟೆಂಟೇ. ಒಂದು ಕಷ್ಟದ ಶಾಟ್ ಹೀಗೆ ತೆಗೆಯಬಹುದು ಅಂತ ಸೂಚಿಸಿ, ಒಪ್ಪಿಗೆ ಪಡೆದು ತಾವೇ ತೆಗೆದರು. ಆ ಚಿತ್ರದ ನಿರ್ದೇಶಕ ಗುರುದತ್ ಅದನ್ನು ನೋಡಿ, ಮುಂದಿನ 'ಜಾಲ್' ಚಿತ್ರಕ್ಕೆ ಅವರನ್ನೇ ಕ್ಯಾಮೆರಾಮನ್ ಮಾಡಿದರು.

ಮೂರ್ತಿಯವರೇ ಕ್ಯಾಮೆರಾ ಮಾಡಿದ, ಗುರುದತ್‌ರ 1959ರ 'ಕಾಗಜ್ ಕೆ ಫೂಲ್' ನೋಡಿದ್ದೀರಾ? ಕತ್ತಲೆ ಸ್ಟುಡಿಯೊದಲ್ಲಿ ಮೇಲಿಂದ ಒಂದು ಬೆಳಕಿನ ಕೋಲು ಇಳಿಯುತ್ತದೆ. ಅದು ಲೈಟಲ್ಲ, ನಿಜವಾದ ಬಿಸಿಲು. ಹೊರಗೆ ಒಂದು ದೊಡ್ಡ ಕನ್ನಡಿ, ಒಳಗೆ ಎತ್ತರದಲ್ಲಿ ಇನ್ನೊಂದು. ಹೊರಗಿನದು ಬಿಸಿಲನ್ನು ಒಳಗೆ ಕಳಿಸಿತು, ಒಳಗಿನದು ಅದನ್ನು ಕೆಳಕ್ಕೆ ತಿರುಗಿಸಿತು. ಬೆಳಕು ಕಾಣಲಿ ಅಂತ ಒಂದಿಷ್ಟು ಹೊಗೆ, ಅಷ್ಟೇ. ಎರಡು ಕನ್ನಡಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು ಅಂತ ನಮ್ಮ ಹುಡುಗರಿಗೆ ನಾನು ಯಾವಾಗಲೂ ಹೇಳುತ್ತೇನೆ.

ಅಂಥವರು ಆಮೇಲೆ ಟೀವಿಗೂ ಬಂದರು. 1988ರಲ್ಲಿ ದೂರದರ್ಶನದಲ್ಲಿ ಬಂದ 'ತಮಸ್', 'ಭಾರತ್ ಏಕ್ ಖೋಜ್' ಎರಡರಲ್ಲೂ ಅವರ ಕ್ಯಾಮೆರಾ ಇದೆ. 'ತಮಸ್' ನಿರ್ದೇಶಕ ಗೋವಿಂದ್ ನಿಹಲಾನಿ ಅವರದೇ ಶಿಷ್ಯ, ಅದೇ ಪಾಲಿಟೆಕ್ನಿಕ್‌ನವರು. ಆಗ ಮೂರ್ತಿಯವರಿಗೆ ಅರವತ್ತು ದಾಟಿತ್ತು. ಟೀವಿ ಸಣ್ಣದು ಅಂತ ಅವರಿಗೆ ಅನಿಸಲಿಲ್ಲ. ಅದಾದ ಮೇಲೂ ಕನ್ನಡದಲ್ಲಿ 'ಹೂವು ಹಣ್ಣು' ಸಿನಿಮಾಕ್ಕೆ ಕ್ಯಾಮೆರಾ ಮಾಡಿದರು. ಸಿನಿಮಾದವರಿಗೆ ದೇಶ ಕೊಡುವ ಅತಿ ದೊಡ್ಡ ಗೌರವ, 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ನಮ್ಮವರು!

ಸೀರಿಯಲ್‌ನಲ್ಲಿ ಕಷ್ಟ ಇಲ್ಲ ಅಂತಲ್ಲ. ನಿದ್ದೆ ಕೆಡುತ್ತದೆ, ದುಡ್ಡು ತಡವಾಗುತ್ತದೆ. ನನಗೆ ಒಬ್ಬ ನಿರ್ಮಾಪಕರಿಂದ ಆರು ತಿಂಗಳ ಸಂಬಳ ಬರಲೇ ಇಲ್ಲ. ಆದರೆ ಒಂದೇ ಹಾಲ್‌ನಲ್ಲಿ ಬೆಳಿಗ್ಗೆ ರಾತ್ರಿಯ ದೃಶ್ಯ, ಸಂಜೆ ಹಗಲಿನ ದೃಶ್ಯ ತೆಗೆದು ನಾನು ಕಲಿತದ್ದು ಜಾಸ್ತಿ. ಒಮ್ಮೆ ಅಜ್ಜಿ ಪಾತ್ರದವರ ಕನ್ನಡಕದಲ್ಲಿ ಲೈಟ್ ಹೊಳೆದು ಕಣ್ಣೇ ಕಾಣುತ್ತಿರಲಿಲ್ಲ. ಲೈಟ್ ಎಲ್ಲಿಟ್ಟರೂ ಅಷ್ಟೇ. ವಯಸ್ಸಾದ ಲೈಟ್‌ಬಾಯ್ ಒಬ್ಬರು ಬಂದು, ಕನ್ನಡಕದ ಕಡ್ಡಿಯನ್ನು ಕಿವಿಯಿಂದ ಒಂದು ಬೆರಳಷ್ಟು ಮೇಲೆತ್ತಿದರು. ಗಾಜು ಕೆಳಕ್ಕೆ ಬಾಗಿತು, ಕಣ್ಣು ಕಂಡವು. ಇದನ್ನು ನನಗೆ ಯಾವ ತರಗತಿಯೂ ಕಲಿಸಿರಲಿಲ್ಲ.

ಕ್ಯಾಮೆರಾಕ್ಕೆ ಸಾಲ ಬೇಡಮ್ಮಾ. ಅದು ಬಾಡಿಗೆಗೆ ಸಿಗುತ್ತದೆ, ನಾಲ್ಕು ವರ್ಷಕ್ಕೆ ಹಳೆಯದಾಗುತ್ತದೆ, ಕಂತು ಮಾತ್ರ ಉಳಿಯುತ್ತದೆ. ದಿನಕ್ಕೆ ಒಂದು ಕ್ಲೋಸಪ್‌ಗೆ ತಾನೇ ಲೈಟ್ ಇಡುತ್ತೇನೆ ಅಂತ ಅವನು ತನ್ನ ಕ್ಯಾಮೆರಾಮನ್‌ರನ್ನು ಕೇಳಲಿ. ಒಪ್ಪದಿದ್ದರೆ ಮಾರನೇ ದಿನ ಮತ್ತೆ ಕೇಳಲಿ. ರಜೆಯಲ್ಲಿ ಊರಿಗೆ ಬಂದಾಗ ನಿಮ್ಮನ್ನೇ ಕಿಟಕಿ ಪಕ್ಕ ಕೂರಿಸಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಫೋಟೊ ತೆಗೆಯಲಿ. ಆ ಮೂರನ್ನೂ ನನಗೆ ಕಳಿಸಿ, ನೋಡುತ್ತೇನೆ.